ಹಚ್ಚೆಯ ಮಸಿ, ನ್ಯಾನೋ ಹನಿ

ಪ್ರಶ್ನೆ: ಮೇಡಂ, ನನ್ನ ಅತ್ತಿಗೆಗೆ 52 ವರ್ಷ. ಸ್ತನ ಕ್ಯಾನ್ಸರ್, ಆಪರೇಷನ್ ಆಗಿದೆ. ಎಂಟು ಕೀಮೋದಲ್ಲಿ ನಾಲ್ಕು ಮುಗಿದಿವೆ. ಕೂದಲೆಲ್ಲ ಹೋಯಿತು, ಊಟ ಸೇರುತ್ತಿಲ್ಲ. ಕಾರ್ಬನ್ ನ್ಯಾನೋಟ್ಯೂಬ್ ಕ್ಯಾನ್ಸರ್ ಗಡ್ಡೆಯನ್ನು ಮಾತ್ರ ಹುಡುಕಿ ಸುಡುತ್ತದೆ ಎಂದು ಅಣ್ಣನ ಮಗ ಮೊಬೈಲಿನಲ್ಲಿ ತೋರಿಸಿದ. ಪುಣೆಯಲ್ಲಿ ಒಬ್ಬರು 'ನ್ಯಾನೋ ಕಾರ್ಬನ್ ಹನಿ' ಕೊಡುತ್ತಾರಂತೆ. ತಿಂಗಳಿಗೆ 28,000 ರೂಪಾಯಿ. ಉಳಿದ ಕೀಮೋ ಬಿಟ್ಟು ಅಲ್ಲಿಗೆ ಹೋಗಬಹುದೇ?
– ಓದುಗರೊಬ್ಬರು, ಡೊಂಬಿವಲಿ

ಉತ್ತರ: ಬೇಡ ತಂಗಿ. ಕೀಮೋ ನಡುವೆ ಬಿಡಿಸಬೇಡಿ. ಊಟ ಸೇರದಿರುವುದನ್ನು ನಾಳೆಯೇ ಅವರ ಡಾಕ್ಟರಿಗೆ ಹೇಳಿ, ಅದಕ್ಕೆ ಒಳ್ಳೆಯ ಮಾತ್ರೆಗಳಿವೆ. ಕೂದಲು ಸಾಮಾನ್ಯವಾಗಿ ಮತ್ತೆ ಬರುತ್ತದೆ.

ಇನ್ನು ಕಾರ್ಬನ್ ವಿಷಯ. ಮುಂಬೈಯ ಪರೇಲಿನ ಒಂದು ಲ್ಯಾಬಿನಲ್ಲಿ 31 ವರ್ಷ ಮೈಕ್ರೋಸ್ಕೋಪಿಗೆ ಕಣ್ಣಿಟ್ಟು ಕೂತವಳು ನಾನು. ಒಮ್ಮೆ ಕಲಿಯಲು ಬಂದಿದ್ದ ಹುಡುಗಿಯೊಬ್ಬಳು ಗಾಬರಿಯಿಂದ ಓಡಿಬಂದಳು. ಸ್ತನ ಕ್ಯಾನ್ಸರಿನ ಅಜ್ಜಿಯೊಬ್ಬರ ಕಂಕುಳಿನಿಂದ ತೆಗೆದ ಲಿಂಫ್ ಗ್ರಂಥಿ, ಅಂದರೆ ದೇಹದ ಕಾವಲು ಕೋಶಗಳ ಪುಟ್ಟ ಠಾಣೆ, ಕಪ್ಪಗಿತ್ತು. 'ಮೇಡಂ, ಇದು ಬೇರೆಯೇ ಕ್ಯಾನ್ಸರಾ, ಮೆಲನೋಮಾ?' ಎಂದಳು. ಮೆಲನೋಮಾ ಎಂದರೆ ಚರ್ಮದ ಕಪ್ಪು ಕ್ಯಾನ್ಸರ್. ಅಜ್ಜಿ ವಿಜಯಪುರದ ಕಡೆಯವರು. 'ವಾರ್ಡಿಗೆ ಹೋಗಿ ಅವರ ಮುಂಗೈ ನೋಡಿಕೊಂಡು ಬಾ' ಎಂದೆ. ಹೋಗಿ ಬಂದು ನಕ್ಕಳು. ಮೊಣಕೈಯಿಂದ ಮಣಿಕಟ್ಟಿನವರೆಗೆ ಹಚ್ಚೆ! ಮದುವೆಗೆ ಮುಂಚೆ ದೀಪದ ಮಸಿಯಿಂದ ಚುಚ್ಚಿಸಿಕೊಂಡದ್ದು. ಆ ಮಸಿಯಲ್ಲಿ ಒಂದಿಷ್ಟನ್ನು ದೇಹದ ಕಾವಲು ಕೋಶಗಳು ನುಂಗಿ, ಅರಗಿಸಲಾಗದೆ, ಕಂಕುಳಿಗೆ ಹೊತ್ತುಕೊಂಡು ಹೋಗಿ ಇಟ್ಟುಕೊಂಡಿದ್ದವು. ಐವತ್ತು ವರ್ಷ! ಮುಂಬೈಯಲ್ಲಿ ಬಾಳಿದವರ ಶ್ವಾಸಕೋಶದ ಪಕ್ಕದ ಗ್ರಂಥಿಗಳೂ ಹೊಗೆ ಕುಡಿದು ಹೀಗೇ ಕಪ್ಪಗಿರುತ್ತವೆ. ಬೆಳ್ಳಗಿದ್ದರೆ ನನಗೆ ಆಶ್ಚರ್ಯ.

ಕಾರ್ಬನ್ನಿನ ಗುಣ ಇದು. ಮೈಯೊಳಗೆ ಹೊಕ್ಕರೆ ಸುಲಭಕ್ಕೆ ಕರಗುವುದಿಲ್ಲ, ಗ್ರಂಥಿ ಹುಡುಕಿಕೊಂಡು ಹೋಗಿ ಕೂರುತ್ತದೆ.

ಚೀನಾದ ಸರ್ಜನ್ನರು ಈ ಗುಣವನ್ನೇ ಕೆಲಸಕ್ಕೆ ಹಚ್ಚಿದ್ದಾರೆ. ಥೈರಾಯ್ಡ್ ಕ್ಯಾನ್ಸರ್ ಆಪರೇಷನ್ನಿನಲ್ಲಿ ಸುಮಾರು 150 ನ್ಯಾನೋಮೀಟರ್ ಗಾತ್ರದ ಕಾರ್ಬನ್ ಕಣಗಳ ದ್ರವವನ್ನು ಚುಚ್ಚುತ್ತಾರೆ. ಒಂದು ಮಿಲಿಮೀಟರನ್ನು ಹತ್ತು ಲಕ್ಷ ಪಾಲು ಮಾಡಿದರೆ ಒಂದು ಪಾಲು ಒಂದು ನ್ಯಾನೋಮೀಟರ್. 150ರ ಕಣ ರಕ್ತನಾಳದ ಸಂದಿಯಲ್ಲಿ ತೂರದು, ಲಿಂಫ್ ಗ್ರಂಥಿಗಳಿಗೆ ದ್ರವ ಒಯ್ಯುವ ಲಿಂಫ್ ನಾಳದ ಸಂದಿ ದೊಡ್ಡದು, ಅಲ್ಲಿ ತೂರುತ್ತದೆ. ಹಾಗಾಗಿ ಲಿಂಫ್ ಗ್ರಂಥಿಗಳು ಕಪ್ಪಾಗುತ್ತವೆ, ತೆಗೆಯಬೇಕಾದದ್ದು ಕಣ್ಣಿಗೆ ಕಾಣುತ್ತದೆ. ಅಲ್ಲೇ ತೊಗರಿಬೇಳೆಯಷ್ಟು ಚಿಕ್ಕ ಪ್ಯಾರಾಥೈರಾಯ್ಡ್ ಗ್ರಂಥಿಗಳಿರುತ್ತವೆ. ರಕ್ತದ ಕ್ಯಾಲ್ಸಿಯಂ ನೋಡಿಕೊಳ್ಳುವುದು ಅವೇ. ಅವಕ್ಕೆ ಬಣ್ಣ ಹತ್ತುವುದಿಲ್ಲ, ಹಾಗಾಗಿ ಕತ್ತರಿಗೆ ಸಿಗದೆ ಉಳಿಯುತ್ತವೆ. ನನಗೆ ಕೇಳಿದರೆ, ಕ್ಯಾನ್ಸರಿನಲ್ಲಿ ಕಾರ್ಬನ್ ನ್ಯಾನೋ ಕಣ ಮಾಡಿರುವ ಅತ್ಯಂತ ಪ್ರಾಮಾಣಿಕ ಕೆಲಸ ಇದು. ಕೊಲ್ಲುವುದಲ್ಲ, ತೋರಿಸುವುದು.

ನಿಮ್ಮ ಅಣ್ಣನ ಮಗ ತೋರಿಸಿದ್ದೂ ಪೂರ್ತಿ ಸುಳ್ಳಲ್ಲ. ನ್ಯಾನೋಟ್ಯೂಬ್ ಎಂದರೆ ಇಂಗಾಲದ ಪರಮಾಣುಗಳ ಹಾಳೆಯನ್ನು ಚಾಪೆಯಂತೆ ಸುತ್ತಿದ ಕೊಳವೆ. ಜಪಾನಿನ ಸುಮಿಯೊ ಇಜಿಮಾ 1991ರಲ್ಲಿ ಅದನ್ನು ವಿವರಿಸಿದ ಮೇಲೆ ಜಗತ್ತು ಅದರ ಹಿಂದೆ ಬಿತ್ತು. ಕತ್ತಲಲ್ಲಿ ಟಾರ್ಚಿನ ಮೇಲೆ ಬೆರಳಿಟ್ಟರೆ ಬೆರಳು ಕೆಂಪಗೆ ಬೆಳಗುತ್ತದೆ, ಅಲ್ವಾ? ಕೆಂಪು ಬೆಳಕು ಮಾಂಸ ದಾಟುತ್ತದೆ. ಕೆಂಪಿಗೂ ಆಚೆಯ, ಕಣ್ಣಿಗೆ ಕಾಣದ ಬೆಳಕು ಇನ್ನೂ ಚೆನ್ನಾಗಿ ದಾಟುತ್ತದೆ. ನ್ಯಾನೋಟ್ಯೂಬ್ ಆ ಬೆಳಕನ್ನು ಕುಡಿದು ಬಿಸಿಯಾಗುತ್ತದೆ. 2005ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡಿನ ಹೊಂಗ್‌ಜಿ ದಾಯ್ ತಂಡ ತಟ್ಟೆಯಲ್ಲಿ ಬೆಳೆಸಿದ ಕ್ಯಾನ್ಸರ್ ಕೋಶಗಳನ್ನು ಹೀಗೆ ಸುಟ್ಟು ತೋರಿಸಿತು. ಆಮೇಲೆ ಇಲಿಗಳಲ್ಲೂ ಆಯಿತು. ಆದರೆ ಇಲಿ ಎಷ್ಟು ದಪ್ಪ, ನಾವೆಷ್ಟು ದಪ್ಪ! ನಮ್ಮಲ್ಲಿ ಈ ಬೆಳಕು ಹೆಚ್ಚು ಆಳಕ್ಕೆ ಇಳಿಯುವುದಿಲ್ಲ. ಮೇಲಾಗಿ ಬೆಳಕೇ ಇಲ್ಲದೆ ಹನಿ ಕುಡಿದು ಮನೆಯಲ್ಲಿ ಕೂತರೆ ಸುಡುವವರು ಯಾರು?

ಇನ್ನೊಂದು ಭಯವಿದೆ. ಚಾಳಿನ ಮಾಡಿನ ಕಲ್ನಾರು ಶೀಟ್ ಗೊತ್ತಲ್ಲ, ಆಸ್‌ಬೆಸ್ಟಸ್. 2008ರಲ್ಲಿ ಬ್ರಿಟನ್ನಿನ ವಿಜ್ಞಾನಿಗಳು ಉದ್ದನೆಯ ನ್ಯಾನೋಟ್ಯೂಬ್‌ಗಳನ್ನು ಇಲಿಗಳ ಹೊಟ್ಟೆಯೊಳಗೆ ಬಿಟ್ಟು ನೋಡಿದರು. ಕಲ್ನಾರಿನ ಎಳೆ ಮಾಡುವಂಥದ್ದೇ ಉರಿಯೂತ ಕಂಡಿತು. ಕಾವಲು ಕೋಶಕ್ಕೆ ಆ ಉದ್ದದ ಸೂಜಿ ಬಾಯೊಳಗೆ ಹಿಡಿಸುವುದೇ ಇಲ್ಲ. ಗಿಡ್ಡ, ಸಿಕ್ಕುಗಟ್ಟಿದ ಎಳೆಗಳಲ್ಲಿ ಹಾಗಾಗಲಿಲ್ಲ. ಆಮೇಲೆ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ವಿಭಾಗ ಒಂದು ಬಗೆಯ ನ್ಯಾನೋಟ್ಯೂಬನ್ನು 'ಕ್ಯಾನ್ಸರ್ ತರಬಹುದಾದದ್ದು' ಎಂಬ ಪಟ್ಟಿಗೆ ಸೇರಿಸಿತು. ಉದ್ದ, ದಪ್ಪ, ಮೇಲಿನ ಲೇಪ ಎಲ್ಲವೂ ಲೆಕ್ಕಕ್ಕೆ ಬರುತ್ತವೆ. ಇದರಿಂದಲೇ ಔಷಧಿ ಆಗುವುದು ತಡವಾಗುತ್ತಿರುವುದು.

'ನ್ಯಾನೋ' ಪದಕ್ಕೇ ಹೆದರಬೇಡಿ. ಡಾಕ್ಸೊರುಬಿಸಿನ್ ಎಂಬ ಕೆಂಪು ಕೀಮೋ ಔಷಧಿಯನ್ನು ಕೊಬ್ಬಿನ ನ್ಯಾನೋ ಗುಳ್ಳೆಯಲ್ಲಿ ತುಂಬಿ ಕೊಡುವುದಕ್ಕೆ ಅಮೆರಿಕದಲ್ಲಿ 1995ರಲ್ಲೇ ಒಪ್ಪಿಗೆ ಸಿಕ್ಕಿತು. ಪ್ಯಾಕ್ಲಿಟ್ಯಾಕ್ಸೆಲ್ ಎಂಬ ಇನ್ನೊಂದು ಕೀಮೋ ಔಷಧಿಯನ್ನು ಆಲ್ಬುಮಿನ್ ಪ್ರೋಟೀನಿಗೆ ಅಂಟಿಸಿ ಕೊಡುವುದು 2005ರಲ್ಲಿ ಬಂತು. ಕೊಬ್ಬು, ಪ್ರೋಟೀನು ದೇಹಕ್ಕೆ ಅರಗುತ್ತವೆ. ಮಸಿಗೆ ಆ ಭಾಗ್ಯವಿಲ್ಲ.

ಪುಣೆಯ ಹನಿಯಲ್ಲಿ ನಿಜವಾಗಿ ಕಾರ್ಬನ್ನೇ ಇದೆ ಎಂದುಕೊಳ್ಳೋಣ. ವಿಷ ಕುಡಿದವರಿಗೆ ಆಸ್ಪತ್ರೆಯಲ್ಲಿ ಇದ್ದಿಲ ಪುಡಿ ಕುಡಿಸುತ್ತಾರೆ. ಅದು ವಿಷವನ್ನು ಹೀರಿಕೊಂಡು ಮಲದಲ್ಲಿ ಹೋಗುತ್ತದೆ, ರಕ್ತಕ್ಕೆ ಸೇರುವುದಿಲ್ಲ. ಈ ಹನಿಯೂ ಹಾಗೇ ಆದರೆ ಗಡ್ಡೆಯನ್ನು ಮುಟ್ಟುವುದೇ ಇಲ್ಲ. ಬೇರೆ ಮಾತ್ರೆಗಳನ್ನೂ ಅದು ಹೀರುತ್ತದೆ. ಅತ್ತಿಗೆ ನುಂಗುವ ಮಾತ್ರೆಯ ಗುಣವನ್ನು ಈ ಹನಿ ತಿಂದುಹಾಕಿದರೆ? ಆ 28,000ದಲ್ಲಿ ಮೊಟ್ಟೆ, ಹಣ್ಣು, ಆಸ್ಪತ್ರೆಗೆ ಹೋಗಿಬರಲು ಟ್ಯಾಕ್ಸಿ. ಕೀಮೋ ದಿನ ಲೋಕಲ್ ಟ್ರೇನಿನ ನೂಕುನುಗ್ಗಲು ಬೇಡ.

ಪ್ರಶ್ನೆ: ಒಂದು ಹನಿ ರಕ್ತದಿಂದ ಕ್ಯಾನ್ಸರ್ ಹಿಡಿಯುವ ಕಾರ್ಬನ್ ಸೆನ್ಸರ್ ಬಂದಿದೆ ಎಂದು ಓದಿದೆ. ಹೆಂಡತಿಗೆ ಮಾಡಿಸಬೇಕು. ಎಲ್ಲಿ ಸಿಗುತ್ತದೆ?
– ಇಂಜಿನಿಯರ್ ಓದುಗರು, ಹಿಂಜೆವಾಡಿ, ಪುಣೆ

ಉತ್ತರ: ನೀವು ಓದಿದ್ದು ಬಹುಶಃ ನ್ಯೂಯಾರ್ಕಿನ ಮೆಮೋರಿಯಲ್ ಸ್ಲೋನ್ ಕೆಟರಿಂಗ್ ಕ್ಯಾನ್ಸರ್ ಆಸ್ಪತ್ರೆಯ ಸಂಶೋಧಕರು 2022ರಲ್ಲಿ ಪ್ರಕಟಿಸಿದ ಕೆಲಸ. ಬೆಳಕು ಬಿಟ್ಟರೆ ನ್ಯಾನೋಟ್ಯೂಬ್ ತಾನೂ ಬೆಳಕು ಸೂಸುತ್ತದೆ, ರಕ್ತದಲ್ಲಿನ ವಸ್ತುಗಳು ಅಂಟಿದಾಗ ಆ ಬೆಳಕು ತುಸು ಬದಲಾಗುತ್ತದೆ. ಆ ಬದಲಾವಣೆಯನ್ನು ಕಂಪ್ಯೂಟರಿಗೆ ಕಲಿಸಿ ಅಂಡಾಶಯದ ಕ್ಯಾನ್ಸರ್ ಹುಡುಕಿದರು. ರೋಗವಿದ್ದ 100 ಮಂದಿಯಲ್ಲಿ 87 ಮಂದಿಯನ್ನು ಹಿಡಿಯಿತು, ರೋಗವಿಲ್ಲದ 100ರಲ್ಲಿ 98 ಮಂದಿಯನ್ನು ಸರಿಯಾಗಿ ಬಿಟ್ಟಿತು.

ನೀವು ಇಂಜಿನಿಯರ್, ಲೆಕ್ಕ ಹಾಕಿ. ಆರೋಗ್ಯವಾಗಿರುವ 10,000 ಹೆಂಗಸರಿಗೆ ಇದನ್ನು ಮಾಡಿದರೆ 200 ಮಂದಿಗೆ 'ಇದೆ' ಎಂದು ಸುಳ್ಳು ಹೇಳುತ್ತದೆ. ಅವರಿಗೆ ಸ್ಕ್ಯಾನ್, ನಿದ್ದೆಗೇಡು, ಕೆಲವರಿಗೆ ಸುಮ್ನೆ ಆಪರೇಷನ್. ಅಪರೂಪದ ರೋಗಕ್ಕೆ 98 ಕೂಡ ಕಡಿಮೆಯೇ. ಲ್ಯಾಬಿನಲ್ಲಿ ಕೂತು ಈ ಗೋಳು ಜಾಸ್ತಿ ನೋಡಿದ್ದೇನೆ.

ಇದಕ್ಕೆ ಎದುರಾಗಿ ನಮ್ಮ ಮುಂಬೈಯದೇ ಒಂದು ಕೆಲಸ ಹೇಳುತ್ತೇನೆ. ಟಾಟಾ ಮೆಮೋರಿಯಲ್ ಕ್ಯಾನ್ಸರ್ ಆಸ್ಪತ್ರೆಯವರು 1,51,538 ಹೆಂಗಸರನ್ನು 20 ವರ್ಷ ಹಿಂಬಾಲಿಸಿದರು. ಎಲ್ಲರೂ ಕೊಳೆಗೇರಿಗಳವರು. ಅರ್ಧ ಗುಂಪಿಗೆ ತರಬೇತಾದ ಆರೋಗ್ಯ ಕಾರ್ಯಕರ್ತೆಯರು ಎರಡು ವರ್ಷಕ್ಕೊಮ್ಮೆ ಬರೀ ಕೈಯಿಂದ ಸ್ತನ ಪರೀಕ್ಷೆ ಮಾಡಿದರು. 2021ರಲ್ಲಿ ಫಲಿತಾಂಶ ಬಂತು. ಹೀಗೆ ಪರೀಕ್ಷೆಯಾದ ಗುಂಪಿನಲ್ಲಿ, 50 ದಾಟಿದವರಲ್ಲಿ ಸ್ತನ ಕ್ಯಾನ್ಸರಿನ ಸಾವು ಸುಮಾರು ಶೇ. 30 ಕಡಿಮೆ. ಅದಕ್ಕಿಂತ ಚಿಕ್ಕವರಲ್ಲಿ ಆ ಲಾಭ ಕಾಣಲಿಲ್ಲ, ಅದನ್ನೂ ಹೇಳಬೇಕು. ನಿಮ್ಮ ಹೆಂಡತಿಯ ವಯಸ್ಸು ನೀವು ಬರೆದಿಲ್ಲ. ಸೆನ್ಸರ್ ಹುಡುಕುವ ಬದಲು ಅವರನ್ನು ಸ್ತ್ರೀರೋಗ ತಜ್ಞೆಯ ಹತ್ತಿರ ಕರೆದೊಯ್ಯಿರಿ. ತಾಯಿಗೆ, ಅಕ್ಕತಂಗಿಗೆ ಕ್ಯಾನ್ಸರ್ ಇತ್ತೇ ಎಂದು ಕೇಳಿಕೊಂಡು ಹೋಗಿ.

ಪ್ರಶ್ನೆ: ಹಣ್ಣಿನ ರಸದಿಂದ ಕಾರ್ಬನ್ ಡಾಟ್ ಮಾಡಬಹುದಂತೆ, ಅದು ಕ್ಯಾನ್ಸರ್ ಕೋಶವನ್ನು ಹೊಳೆಯಿಸುತ್ತದಂತೆ. ಮನೆಯಲ್ಲಿ ಮಾಡಲೇ?
– ಬಿ.ಎಸ್ಸಿ. ವಿದ್ಯಾರ್ಥಿ, ಪೊಂಡಾ, ಗೋವಾ

ಉತ್ತರ: ನಿಜ ಕಣಪ್ಪ. 2012ರಲ್ಲಿ ಭುವನೇಶ್ವರದ ಸಂಶೋಧಕರು ಕಿತ್ತಳೆ ರಸವನ್ನು ಮುಚ್ಚಿದ ಪಾತ್ರೆಯಲ್ಲಿ ಕಾಯಿಸಿ ಮಾಡಿದರು. ಹತ್ತು ನ್ಯಾನೋಮೀಟರಿಗಿಂತ ಚಿಕ್ಕ ಕಣಗಳು, ನೇರಳಾತೀತ ಬೆಳಕಿನಲ್ಲಿ ಹೊಳೆಯುತ್ತವೆ. ತೀರಾ ಚಿಕ್ಕವನ್ನು ಕಿಡ್ನಿ ಸೋಸಿ ಹೊರಹಾಕುತ್ತದೆ, ಹಚ್ಚೆಯ ಮಸಿಯಂತೆ ಕೂರುವುದಿಲ್ಲ. ಅದಕ್ಕೇ ನನಗೂ ಇದರ ಮೇಲೆ ಆಸೆ. ಆದರೆ ಅವು ಎಲ್ಲ ಕೋಶದೊಳಗೂ ಹೋಗುತ್ತವೆ. ಕ್ಯಾನ್ಸರನ್ನೇ ಗುರುತಿಸಬೇಕಾದರೆ ಮೇಲೆ ಇನ್ನೊಂದು ಅಣುವನ್ನು ಕಟ್ಟಬೇಕು. ಕಾಲೇಜಿನ ಕೆಮಿಸ್ಟ್ರಿ ಸರ್ ಹತ್ತಿರ ಕೇಳು, ಅವರ ಎದುರೇ ಮಾಡು. ಅವ್ವನ ಕುಕ್ಕರ್ ಮುಟ್ಟಬೇಡ.