ಓದುಗರ ಪ್ರಶ್ನೆ: ಕೂಡಗಿಗೆ ಇನ್ನೂ ಕಲ್ಲಿದ್ದಲು ರೈಲು ಯಾಕೆ?

ಪ್ರಶ್ನೆ: ನಮ್ಮ ಮಾಳಿಗೆ ಹತ್ತಿದರೆ ಕೂಡಗಿಯ ಕಲ್ಲಿದ್ದಲು ಕರೆಂಟ್ ಸ್ಥಾವರದ ಚಿಮಣಿ ಕಾಣುತ್ತದೆ. ದೇಶದಲ್ಲಿ ಅರ್ಧ ಕರೆಂಟ್ ಈಗ ಸೋಲಾರ್, ಗಾಳಿಯದ್ದೇ ಅಂತ ಮೊಬೈಲ್‌ನಲ್ಲಿ ಓದಿದೆ. ಹಂಗಿದ್ದರೆ ಕಲ್ಲಿದ್ದಲು ರೈಲು ಯಾಕ್ರೀ ನಿಂತಿಲ್ಲ? ಯಾರು ಸುಳ್ಳು ಹೇಳುತ್ತಿದ್ದಾರೆ?
- ಒಬ್ಬ ಓದುಗರು, ನಿಡಗುಂದಿ

ಉತ್ತರ: ಸುಳ್ಳು ಯಾರೂ ಹೇಳಿಲ್ಲ ರೀ, ಸುದ್ದಿಯಲ್ಲಿ ಒಂದು ಮಾತು ಕಳಚಿ ಬಿದ್ದಿದೆ. 2025ರ ಜೂನ್‌ನಲ್ಲಿ ಅರ್ಧ ಮುಟ್ಟಿದ್ದು ಸ್ಥಾಪಿತ ಸಾಮರ್ಥ್ಯ, ಅಂದರೆ ಕೂಡಿಸಿಟ್ಟ ಮಷೀನುಗಳ ತಾಕತ್ತು. ಅದರಲ್ಲಿ ದೊಡ್ಡ ಡ್ಯಾಮುಗಳ ಕರೆಂಟ್, ಅಣು ವಿದ್ಯುತ್ ಕೂಡ ಸೇರಿದೆ. ನಿಜವಾಗಿ ತಯಾರಾದ ಯೂನಿಟ್ ಎಣಿಸಿದರೆ ನೂರಕ್ಕೆ 70ರ ಆಸುಪಾಸು ಇನ್ನೂ ಕಲ್ಲಿದ್ದಲಿನದೇ.

ಎರಡು ಹೊಲದಲ್ಲಿ ಐದೈದು ಎಚ್‌ಪಿ ಮೋಟರ್ ಕೂಡಿಸಿದ್ದೀರಿ ಅಂತ ತಿಳಿಯಿರಿ. ಒಂದಕ್ಕೆ ದಿನಕ್ಕೆ ಐದು ತಾಸು ಕರೆಂಟ್, ಇನ್ನೊಂದಕ್ಕೆ ಹದಿನಾರು ತಾಸು. ಮೋಟರ್ ಲೆಕ್ಕದಲ್ಲಿ ಅರ್ಧ ಅರ್ಧ, ಆದರೆ ಹೊಲಕ್ಕೆ ಹರಿದ ನೀರು? ಸೋಲಾರ್ ಅಂದರೆ ಆ ಐದು ತಾಸಿನ ಮೋಟರ್.

ವಿಜಯಪುರ, ಬಾಗಲಕೋಟೆ, ಬೆಳಗಾವಿ, ನಮ್ಮ ಈ ಮೂರು ಜಿಲ್ಲೆಗಳನ್ನೇ ಒಂದು ಸುತ್ತು ಹಾಕಿ ನೋಡಿ, ಎಲ್ಲಾ ಗೊತ್ತಾಗುತ್ತದೆ. ಆಲಮಟ್ಟಿಯಲ್ಲಿ 290 ಮೆಗಾವಾಟ್ ಇದೆ, ಆದರೆ ಮಳೆಗಾಲದಲ್ಲಿ ಕೃಷ್ಣೆ ತುಂಬಿ ನೀರು ಕೆಳಗೆ ಬಿಟ್ಟಾಗಲೇ ಅದರ ದರ್ಬಾರು. ಸವದತ್ತಿ ಕಡೆಯ ಗಾಳಿಗಿರಣಿಗಳಿಗೂ ಮುಂಗಾರು ಗಾಳಿಯೇ ಸುಗ್ಗಿ. ಬೆಳಗಾವಿ, ಬಾಗಲಕೋಟೆಯ ಸಕ್ಕರೆ ಕಾರ್ಖಾನೆಗಳು ಕಬ್ಬಿನ ಸಿಪ್ಪೆ ಸುಟ್ಟು ಕರೆಂಟ್ ಮಾಡುತ್ತವೆ, ಅದು ಕಬ್ಬು ನುರಿಸುವ ಚಳಿಗಾಲದ ನಾಲ್ಕೈದು ತಿಂಗಳ ಮಾತು. ಈಗ ಏಪ್ರಿಲ್ ತಿಂಗಳ ರಾತ್ರಿ ಎಂಟು ಗಂಟೆ ತಗೊಳ್ಳಿ. ಡ್ಯಾಮು ತಳ ಕಂಡಿದೆ, ಗಾಳಿ ಇನ್ನೂ ಜೋರಾಗಿಲ್ಲ, ಕಾರ್ಖಾನೆಗೆ ಬೀಗ, ಸೂರ್ಯ ಮನೆಗೆ ಹೋಗಿಯಾಗಿದೆ. ಮನೆ ಮನೆಯಲ್ಲಿ ಫ್ಯಾನು, ಕೂಲರ್ ಮಾತ್ರ ನಿಂತಿಲ್ಲ. ಆ ಹೊತ್ತಿಗೆ ನಿಮ್ಮ ಚಿಮಣಿಯೇ ಗತಿ.

ಆ ಗತಿಗೆ ಬೀಳುವ ಖರ್ಚೂ ಸಣ್ಣದಲ್ಲ. ಕೂಡಗಿ 2400 ಮೆಗಾವಾಟಿನದು. ಒಂದು ಯೂನಿಟ್‌ಗೆ ಆರುನೂರು ಗ್ರಾಂ ಚಿಲ್ಲರೆ ಕಲ್ಲಿದ್ದಲು ಅಂತ ಹಿಡಿದರೂ, ಪೂರ್ತಿ ಓಡಿದ ದಿನ 35 ಸಾವಿರ ಟನ್ ದಾಟುತ್ತದೆ, ಹತ್ತಿರ ಹತ್ತಿರ ಒಂಬತ್ತು ಗೂಡ್ಸ್ ರೈಲು. ಅಷ್ಟೂ ಹೊರ ರಾಜ್ಯದಿಂದ ಬರಬೇಕು, ನಮ್ಮ ನೆಲದಲ್ಲಿ ಕಲ್ಲಿದ್ದಲು ಇಲ್ಲ. ನಮ್ಮ ದೇಶದ ಕಲ್ಲಿದ್ದಲಿನಲ್ಲಿ ಮೂರನೇ ಒಂದು ಪಾಲು ಬೂದಿಯೇ, ಅದು ಉಳಿಯುವುದು ಮಾತ್ರ ನಿಮ್ಮ ಊರಿನ ಹತ್ತಿರ.

ಹಾಗಾಗಿ ಇನ್ನಷ್ಟು ಪ್ಯಾನೆಲ್ ಹಾಕಿದರೆ ಸಾಲದು, ಮಧ್ಯಾಹ್ನದ ಬಿಸಿಲನ್ನು ರಾತ್ರಿಗೆ ಎತ್ತಿಡಬೇಕು. ಒಂದು ದಾರಿ ಬ್ಯಾಟರಿ. ಇನ್ನೊಂದು, ಹಗಲು ಹೆಚ್ಚಾದ ಕರೆಂಟಿನಿಂದ ನೀರನ್ನು ಮೇಲಿನ ಕೆರೆಗೆ ಎತ್ತಿ, ರಾತ್ರಿ ಕೆಳಗೆ ಬಿಟ್ಟು ಟರ್ಬೈನ್ ತಿರುಗಿಸುವುದು. ಸವದತ್ತಿ ಕಡೆ ಅಂಥದ್ದೊಂದು ಯೋಜನೆ ಕೈಗೆತ್ತಿಕೊಂಡಿದ್ದಾರೆ. ನೂರು ಯೂನಿಟ್ ಸುರಿದರೆ ವಾಪಸ್ ಬರುವುದು 75-80. ನಷ್ಟ ಅನ್ನಿಸಬಹುದು, ಆದರೆ ರಾತ್ರಿಯ ಯೂನಿಟ್‌ಗೆ ಬೆಲೆ ಜಾಸ್ತಿ.

ಪ್ರಶ್ನೆ: ಬ್ರಿಟನ್ ಕಲ್ಲಿದ್ದಲು ಪೂರ್ತಿ ಬಿಟ್ಟಿತಂತೆ. ನಮಗೆ ಯಾಕೆ ಆಗುವುದಿಲ್ಲ?
- ಕಾಲೇಜು ವಿದ್ಯಾರ್ಥಿನಿ, ಅಥಣಿ

ಉತ್ತರ: ನಿಜಮ್ಮ. 1882ರಲ್ಲಿ ಲಂಡನ್‌ನಲ್ಲಿ ಕಲ್ಲಿದ್ದಲು ಕರೆಂಟ್ ಶುರು ಮಾಡಿದವರು 2024ರ ಸೆಪ್ಟೆಂಬರ್ 30ಕ್ಕೆ ಕೊನೆಯ ಸ್ಥಾವರ ಮುಚ್ಚಿದರು. ಆದರೆ ನಡುವೆ ಅವರಿಗೆ ಊರುಗೋಲಾಗಿದ್ದು ಉತ್ತರ ಸಮುದ್ರದ ಗ್ಯಾಸ್, ಗಾಳಿ ಆಮೇಲೆ ಬಂತು. ಗ್ಯಾಸ್ ಇನ್ನೂ ಉರಿಯುತ್ತಿದೆ. ಫ್ರಾನ್ಸ್‌ನಲ್ಲಿ ಮೂರರಲ್ಲಿ ಎರಡು ಪಾಲು ಅಣು ವಿದ್ಯುತ್. ನಾರ್ವೆಗೆ ಹೊಳೆಗಳೇ ಸಾಕು, ಸುಮಾರು ತೊಂಬತ್ತು ಪಾಲು ನೀರಿನಿಂದಲೇ. ತಮಾಷೆ ಅಂದರೆ ಅದೇ ನಾರ್ವೆ ತನ್ನ ಎಣ್ಣೆ, ಗ್ಯಾಸ್ ಊರವರಿಗೆಲ್ಲ ಮಾರುತ್ತದೆ! ನಮಗೆ ಸಿಕ್ಕಿದ್ದು ಕಲ್ಲಿದ್ದಲು ಮತ್ತು ಬಿಸಿಲು. ಅವರ ಬೇಡಿಕೆ ಹೆಚ್ಚುಕಡಿಮೆ ನಿಂತ ನೀರು, ನಮ್ಮದು ಏರುತ್ತಲೇ ಇದೆ. ಹೊಸ ಸೋಲಾರ್ ಹಳೇ ಕಲ್ಲಿದ್ದಲನ್ನು ಹೊರಹಾಕುವ ಮೊದಲು ಈ ಏರಿಕೆಯನ್ನು ತುಂಬಬೇಕು, ತಡ ಆಗುವುದು ಅಲ್ಲಿಯೇ.

ಪ್ರಶ್ನೆ: ಗೃಹಜ್ಯೋತಿ ಇದೆ. ಆದರೂ ಮಾಳಿಗೆ ಮೇಲೆ ಸೋಲಾರ್ ಹಾಕಿಸಬೇಕಾ?
- ಒಬ್ಬ ಗೃಹಿಣಿ, ಮುಧೋಳ

ಉತ್ತರ: ಬಿಲ್ ಸೊನ್ನೆ ಬರುತ್ತಿದ್ದರೆ ಅವಸರ ಬೇಡ ಅಕ್ಕಾರೆ. 200 ಯೂನಿಟ್ ದಾಟುವ ಮನೆಯಾದರೆ ಯೋಚನೆ ಮಾಡಿ. 3 ಕಿಲೋವಾಟ್‌ಗೆ ಕೇಂದ್ರದ 78 ಸಾವಿರ ಸಬ್ಸಿಡಿ ಇದೆ, ಒಳ್ಳೆ ಬಿಸಿಲಿಗೆ ದಿನಕ್ಕೆ 12 ಯೂನಿಟ್ ಸಿಗುತ್ತದೆ.

ಒಂದು ಮಾತು ಮೊದಲೇ ಕೇಳಿಕೊಳ್ಳಿ, ನಾನು ಕೇಳಿರಲಿಲ್ಲ. ವಿಜಯಪುರದ ನಮ್ಮ ಮನೆಗೆ ಹಾಕಿಸಿದ ವಾರದಲ್ಲೇ ಮಟಮಟ ಮಧ್ಯಾಹ್ನ ಕರೆಂಟ್ ಹೋಯಿತು. ಮೇಲೆ ಸುಡುವ ಬಿಸಿಲು, ಕೆಳಗೆ ಫ್ಯಾನ್ ಬಂದ್! ಕೂಡಿಸಿದವನಿಗೆ ಫೋನ್ ಮಾಡಿ ಜಗಳವನ್ನೂ ಆಡಿದೆ. ಬ್ಯಾಟರಿ ಇಲ್ಲದ ಸೋಲಾರ್ ಹಾಗೇ ಇರುತ್ತದಂತೆ, ಲೈನ್ ಸತ್ತಾಗ ತಾನೂ ನಿಲ್ಲಬೇಕು, ಇಲ್ಲದಿದ್ದರೆ ಕಂಬದ ಮೇಲೆ ಕೆಲಸ ಮಾಡುವ ಲೈನ್‌ಮನ್‌ಗೆ ಶಾಕ್ ಹೊಡೆಯುತ್ತದೆ. ಇದನ್ನು ಅವನು ಮೊದಲೇ ಹೇಳಬಹುದಿತ್ತು, ಅಲ್ವಾ?

ಇನ್ನೊಂದು ಧೂಳು. ಜೋಳದ ರಾಶಿ ನಡೆದಾಗ ನಮ್ಮ ಪ್ಯಾನೆಲ್ ಮೇಲೆ ಬೆರಳಲ್ಲಿ ಹೆಸರು ಬರೆಯಬಹುದು. ಬೆಳಗ್ಗೆ ಬಿಸಿಲೇರುವ ಮೊದಲು ಒಂದು ಬಕೆಟ್ ನೀರು, ಮೆತ್ತಗಿನ ಬಟ್ಟೆ ಸಾಕು. ಕಾದ ಗಾಜಿಗೆ ಮಾತ್ರ ತಣ್ಣೀರು ಎರಚಬೇಡಿ.