ವಾಟ್ಸಾಪ್‌ಗೆ ಬಂದ ವಿಡಿಯೋ ನಿಜವೇ ಎಂದು ಮೊಬೈಲ್‌ನಲ್ಲೇ ಪತ್ತೆ ಹಚ್ಚುವುದು ಹೇಗೆ?

ಎಡಿಟಿಂಗ್ ಆಗಿದೆಯಾ ಎಂದು ಕಣ್ಣು ಕಿರಿದು ಮಾಡಿಕೊಂಡು ನೋಡುವುದರಲ್ಲಿ ಹೊತ್ತು ಕಳೆಯಬೇಡಿ. ಎಷ್ಟೋ ಸಲ ದೃಶ್ಯ ಅಸಲಿಯೇ ಇರುತ್ತದೆ, ಊರು ಮತ್ತು ಕಾಲ ಬೇರೆ. 2018ರಲ್ಲಿ ಹರಿದಾಡಿದ ಮಕ್ಕಳ ಕಳ್ಳರ ವಿಡಿಯೋ, ಕರಾಚಿಯಲ್ಲಿ ಮಕ್ಕಳ ಸುರಕ್ಷತೆಗೆಂದು ಮಾಡಿದ ಜಾಗೃತಿ ಚಿತ್ರ. ಬೈಕಿನಲ್ಲಿ ಬಂದವರು ಮಗುವನ್ನು ವಾಪಸ್ ತಂದು ಬಿಡುವ ಕೊನೆಯ ಭಾಗವನ್ನು ಯಾರೋ ಕತ್ತರಿಸಿದ್ದರು, ಅಷ್ಟೇ. ಆ ವರ್ಷ ಇಂಥ ವದಂತಿಗಳಿಗೆ ಬೆಂಗಳೂರಿನ ಚಾಮರಾಜಪೇಟೆಯಲ್ಲೂ ಬೀದರ್ ಜಿಲ್ಲೆಯ ಮುರ್ಕಿಯಲ್ಲೂ ಅಮಾಯಕರ ಜೀವ ಹೋಯಿತು.

ಹಾಗಾಗಿ ಹುಡುಕಬೇಕಾದ್ದು ಈ ದೃಶ್ಯ ಮೊದಲು ಯಾವಾಗ, ಎಲ್ಲಿ ಕಾಣಿಸಿಕೊಂಡಿತು ಎಂಬುದನ್ನು. ವಿಡಿಯೋ ನಿಲ್ಲಿಸಿ ನಿಲ್ಲಿಸಿ ನಾಲ್ಕೈದು ಸ್ಕ್ರೀನ್‌ಶಾಟ್ ತೆಗೆಯಿರಿ. ಮುಖಗಳಿಗಿಂತ ಅಂಗಡಿ ಬೋರ್ಡು, ಬಸ್ಸು, ನಂಬರ್ ಪ್ಲೇಟು, ಕಟ್ಟಡ ಕಾಣುವ ಫ್ರೇಮ್ ಉಪಯೋಗಕ್ಕೆ ಬರುತ್ತದೆ. ಮೇಲೆ ಅಂಟಿಸಿದ ಬರಹ, ಎಮೋಜಿ, ಲೋಗೋಗಳನ್ನು ಕ್ರಾಪ್ ಮಾಡಿ ತೆಗೆಯಿರಿ. ಇಲ್ಲದಿದ್ದರೆ ಸರ್ಚ್ ಅದನ್ನೇ ಹಿಡಿದುಕೊಂಡು ಎಲ್ಲೆಲ್ಲೋ ಹೋಗುತ್ತದೆ. ಆಮೇಲೆ ಅವನ್ನು ಚಿತ್ರದಿಂದಲೇ ಹುಡುಕುವ ಗೂಗಲ್ ಲೆನ್ಸ್‌ಗೆ ಹಾಕಿ. ಅಲ್ಲಿ ಸಿಗದಿದ್ದರೆ ಇದೇ ಕೆಲಸ ಮಾಡುವ ಯಾಂಡೆಕ್ಸ್, ಟಿನ್‌ಐ ಸೈಟುಗಳಿವೆ. ಟಿನ್‌ಐನಲ್ಲಿ ಫಲಿತಾಂಶಗಳನ್ನು ಹಳೆಯದರಿಂದ ಶುರುವಾಗುವಂತೆ ಜೋಡಿಸಿಕೊಳ್ಳಬಹುದು, ನಮಗೆ ಬೇಕಾದ್ದು ಅದೇ. ಎಲ್ಲೂ ಸಿಗಲಿಲ್ಲವೆಂದರೆ ಚಿತ್ರವನ್ನು ಎಡಬಲ ತಿರುಗಿಸಿ ಮತ್ತೊಮ್ಮೆ ಹಾಕಿ. ಸಿಕ್ಕಿಬೀಳದಿರಲು ಹೀಗೆ ಕನ್ನಡಿಬಿಂಬ ಮಾಡಿ ಬಿಡುವವರಿದ್ದಾರೆ.

ಘಟನೆ ನಡೆಯಿತೆನ್ನುವ ದಿನಕ್ಕಿಂತ ಮೊದಲೇ ಅದೇ ದೃಶ್ಯ ಎಲ್ಲಾದರೂ ಪ್ರಕಟವಾಗಿದ್ದರೆ ಕತೆ ಮುಗಿಯಿತು. ಆದರೆ ಆ ಪುಟವನ್ನು ತೆರೆದೇ ನೋಡಿ. ಹಳೆಯ ಲೇಖನದ ಪಕ್ಕದಲ್ಲಿ ಇವತ್ತಿನ ಸುದ್ದಿಯ ಚಿತ್ರ ಕೂತಿರುತ್ತದೆ, ಸರ್ಚ್ ಲೇಖನದ ತಾರೀಖನ್ನೇ ಚಿತ್ರಕ್ಕೂ ಅಂಟಿಸಿಬಿಡುತ್ತದೆ. ಹೊಸಬರು ಎಡವುವುದೇ ಇಲ್ಲಿ. ಇನ್ನು, ಹಳೆಯ ಪ್ರತಿ ಸಿಗಲಿಲ್ಲ ಎಂದಮಾತ್ರಕ್ಕೆ ವಿಡಿಯೋ ನಿಜ ಎಂದಾಗುವುದಿಲ್ಲ.

ಫೈಲ್ ಹೆಸರಿನಲ್ಲಿರುವ ತಾರೀಖನ್ನು ನಂಬಬೇಡಿ, ಅದು ನಿಮ್ಮ ಫೋನಿಗೆ ಬಂದ ದಿನ. ಫೋಟೋ ಆದರೆ ಕ್ಯಾಮೆರಾ ದಾಖಲಿಸಿದ ಸಮಯ, ಸ್ಥಳದ ವಿವರವನ್ನು ವಾಟ್ಸಾಪ್ ಸಾಮಾನ್ಯವಾಗಿ ಅಳಿಸಿರುತ್ತದೆ. ಧ್ವನಿಯನ್ನು ದೃಶ್ಯ ನೋಡದೆ ಬೇರೆಯಾಗಿ ಕೇಳಿ, ಬಳಿಕ ದೃಶ್ಯದ ಜೊತೆ ಹೋಲಿಸಿ; ಘೋಷಣೆ ಆಮೇಲೆ ಸೇರಿಸಿದ್ದಾದರೆ ಬಾಯಿ ಅಲುಗುವುದಕ್ಕೂ ಅದಕ್ಕೂ ತಾಳ ಕೂಡುವುದಿಲ್ಲ. ಎಐ ಪತ್ತೆ ಹಚ್ಚುತ್ತೇವೆನ್ನುವ ಸೈಟುಗಳು ಕೊಡುವ ಶೇಕಡಾವಾರು ಲೆಕ್ಕವನ್ನಂತೂ ಸಾಕ್ಷಿ ಎನ್ನಬೇಡಿ, ವಾಟ್ಸಾಪ್‌ನಲ್ಲಿ ಕುಗ್ಗಿ ಬಂದ ವಿಡಿಯೋ ಅವುಗಳ ದಿಕ್ಕು ತಪ್ಪಿಸುತ್ತದೆ.

ಇನ್ನು, ಸುದ್ದಿಯ ನಿಜ-ಸುಳ್ಳು ಪರಿಶೀಲಿಸುವ ಫ್ಯಾಕ್ಟ್‌ಚೆಕ್ ಸಂಸ್ಥೆಗಳಲ್ಲಿ ಯಾವುದನ್ನು ನಂಬುವುದು ಎಂಬ ಪ್ರಶ್ನೆ. ಮೂಲ ವಿಡಿಯೋದ ಲಿಂಕ್ ಕೊಟ್ಟು, ಹುಡುಕಿದ ದಾರಿಯನ್ನು ತೋರಿಸುವ ವರದಿಯನ್ನು ನೀವೇ ಮತ್ತೆ ಪರೀಕ್ಷಿಸಬಹುದು. ಬರೀ ‘ಸುಳ್ಳು’ ಎಂಬ ಕೆಂಪು ಮೊಹರನ್ನು, ಅದು ಕೇಂದ್ರ ಸರ್ಕಾರದ ವಾರ್ತಾ ಕಚೇರಿಯಾದ ಪಿಐಬಿಯದ್ದೇ ಆಗಲಿ, ಹಾಗೆ ಪರೀಕ್ಷಿಸಲಾಗದು. ಕೇಂದ್ರ ಸರ್ಕಾರದ ಕುರಿತ ಸುದ್ದಿ ಸುಳ್ಳೆಂದು ಸಾರುವ ಅಧಿಕಾರವನ್ನು ಸರ್ಕಾರದ್ದೇ ಫ್ಯಾಕ್ಟ್‌ಚೆಕ್ ಘಟಕಕ್ಕೆ ಕೊಡುತ್ತಿದ್ದ 2023ರ ಐಟಿ (ಮಾಹಿತಿ ತಂತ್ರಜ್ಞಾನ) ನಿಯಮವನ್ನು ಬಾಂಬೆ ಹೈಕೋರ್ಟ್ 2024ರ ಸೆಪ್ಟೆಂಬರಿನಲ್ಲಿ ರದ್ದುಪಡಿಸಿತು.