‘ಸಶೇಷ’ ಅಂದಲ್ಲಿ ಟೀವಿ ಆರಿಸಿ

ರಾತ್ರಿ ಊಟ ಮುಗಿದ ಮೇಲೆ ನಾನೂ ಅಮ್ಮನೂ ‘ಡಾಕ್ಟರ್ ಹೂ’ ಹಳೇ ಕಥೆಗಳನ್ನು ಮತ್ತೆ ನೋಡುತ್ತಿದ್ದೇವೆ ಅಂತ ಹೋದ ತಿಂಗಳು ಈ ಅಂಕಣದಲ್ಲಿ ಒಂದೇ ಒಂದು ಸಾಲು ಬರೆದಿದ್ದೆ. ಆ ಒಂದು ಸಾಲಿಗೆ ಇಷ್ಟು ಪತ್ರ ಬರುತ್ತವೆ ಅಂದುಕೊಂಡಿರಲಿಲ್ಲ. ಹಾಗಾಗಿ ಈ ಸಲ ಪೂರ್ತಿ ಅದೇ.

ನೋಡದವರಿಗೆ ಎರಡು ಮಾತು. ಇದು ಬಿಬಿಸಿಯ ವಿಜ್ಞಾನ ಕಥೆಗಳ ಧಾರಾವಾಹಿ. 1963ರ ನವೆಂಬರ್ 23ರಂದು ಶುರುವಾಯಿತು. ‘ಡಾಕ್ಟರ್’ ಅಂತ ಕರೆಸಿಕೊಳ್ಳುವ ಬೇರೆ ಗ್ರಹದ ಒಬ್ಬ, ಹಳೇ ಪೊಲೀಸ್ ಬೂತಿನ ಹಾಗೆ ಕಾಣುವ ಟಾರ್ಡಿಸ್ ಎಂಬ ನೀಲಿ ಪೆಟ್ಟಿಗೆಯಲ್ಲಿ ಕಾಲ, ದೇಶ ಎಲ್ಲ ಸುತ್ತುತ್ತಾನೆ. ಪೆಟ್ಟಿಗೆ ಹೊರಗಿಂದ ಚಿಕ್ಕದು, ಒಳಗೆ ಅರಮನೆಯಷ್ಟು ದೊಡ್ಡದು. ಸಾಯುವ ಹೊತ್ತಿಗೆ ಅವನ ಮೈ ಬದಲಾಗುತ್ತದೆ, ಹೊಸ ನಟ ಬರುತ್ತಾನೆ. 1989ರಲ್ಲಿ ನಿಂತದ್ದು 2005ರಲ್ಲಿ ಮತ್ತೆ ಶುರುವಾಯಿತು. ನಾನು ಹಳೇದು ಅನ್ನುವುದು 1989ರವರೆಗಿನದ್ದನ್ನು.

ಪ್ರ: ಮೊದಲಿಂದಲೇ ನೋಡೋಣ ಅಂತ ಭಾನುವಾರ ಮಧ್ಯಾಹ್ನ 1963ರ ಮೊದಲ ಕಥೆ ಹಾಕಿದೆ. ಮೊದಲ ಕಂತು ಚೆನ್ನಾಗಿತ್ತು. ಆಮೇಲೆ ಗುಹೆ ಮನುಷ್ಯರು ಬೆಂಕಿಗಾಗಿ ಕಿತ್ತಾಡುತ್ತಲೇ ಇದ್ದರು. ನಾಲ್ಕೂ ಕಂತು ಮುಗಿಯುವಷ್ಟರಲ್ಲಿ ನಿದ್ದೆ ಬಂತು. ಎಲ್ಲಿಂದ ಶುರು ಮಾಡಲಿ? — ಓದುಗರು, ವಿಜಯನಗರ

ಉ: ನಾಲ್ಕೂ ಕಂತು ಒಂದೇ ಮಧ್ಯಾಹ್ನ ನೋಡಿದಿರಿ, ಅಲ್ವಾ? ಎಡವಿದ್ದು ಅಲ್ಲೇ. ಈ ಕಥೆಗಳ ಒಂದೊಂದು ಕಂತು ಸುಮಾರು 25 ನಿಮಿಷ. ಒಂದು ಶನಿವಾರ ನೋಡಿದರೆ ಮುಂದಿನದ್ದಕ್ಕೆ ಇನ್ನೊಂದು ಶನಿವಾರ ಕಾಯಬೇಕಿತ್ತು. ಬರೆದವರು ಆ ಏಳು ದಿನವನ್ನು ಲೆಕ್ಕಕ್ಕೆ ಹಿಡಿದೇ ಬರೆದಿದ್ದಾರೆ. ಸಿಕ್ಕಿಬೀಳೋದು, ತಪ್ಪಿಸಿಕೊಳ್ಳೋದು, ಮತ್ತೆ ಸಿಕ್ಕಿಬೀಳೋದು ಇವೆಲ್ಲ ವಾರಕ್ಕೊಮ್ಮೆ ನೋಡಿದರೆ ಹಿತವಾಗಿರುತ್ತದೆ. ಒಟ್ಟಿಗೆ ನೋಡಿದರೆ ಒಂದೇ ಹೊತ್ತಿಗೆ ನಾಲ್ಕು ಊಟ ಮಾಡಿದ ಹಾಗೆ.

ಇದನ್ನು ನನಗೆ ಕಲಿಸಿದವರು ಅಮ್ಮ. ಅವರು ವಾರಪತ್ರಿಕೆಯ ಧಾರಾವಾಹಿ ಕಾದಂಬರಿಗಳ ಕಾಲದವರು. ಪತ್ರಿಕೆ ಬಂದ ದಿನ ಅಡುಗೆ ತಡವಾಗುತ್ತಿತ್ತು. ಕೊನೆಯಲ್ಲಿ ‘ಸಶೇಷ’ ಅಂತ ಇರುತ್ತಿತ್ತಲ್ಲ, ಅಲ್ಲಿಂದ ಒಂದು ವಾರ ಅಕ್ಕಪಕ್ಕದ ಮನೆಯವರ ಜೊತೆ ಅದೇ ಮಾತು. ಓದಿದ ಹಾಳೆಗಳನ್ನು ಹುಷಾರಾಗಿ ಹರಿದು ಹಾಸಿಗೆ ಕೆಳಗೆ ಇಟ್ಟುಕೊಂಡು, ಕಾದಂಬರಿ ಮುಗಿದ ಮೇಲೆ ಅವೆನ್ಯೂ ರಸ್ತೆಗೆ ಒಯ್ದು ಬೈಂಡ್ ಮಾಡಿಸುತ್ತಿದ್ದರು. ತ್ಯಾಗರಾಜನಗರದ ನಮ್ಮ ಮನೆಯ ಷೋಕೇಸಿನಲ್ಲಿ ಅಂಥ ಹನ್ನೊಂದು ಪುಸ್ತಕ ಇನ್ನೂ ಇವೆ. ಬೆನ್ನಿಗೆ ಕೆಂಪು ಬಟ್ಟೆ. ಒಳಗೆ ಕಥೆ ಮುಗಿದ ಅರ್ಧ ಪುಟದಲ್ಲಿ ಸೋಪಿನ ಜಾಹೀರಾತು.

ನೀವು ‘ಜೆನೆಸಿಸ್ ಆಫ್ ದ ಡಾಲೆಕ್ಸ್’ ಹಾಕಿ. 1975ರದ್ದು, ಆರು ಕಂತು, ಟಾಮ್ ಬೇಕರ್ ಡಾಕ್ಟರ್. ಆರು ರಾತ್ರಿ ನೋಡಿ, ಒಂದು ಕಂತೂ ಜಾಸ್ತಿ ಬೇಡ. ಡಾಲೆಕ್ ಅನ್ನುವ ಕ್ರೂರ ಜೀವಿಗಳು ಹುಟ್ಟುವ ಮೊದಲೇ ಅವುಗಳನ್ನು ಅಳಿಸಿಹಾಕಲು ಡಾಕ್ಟರನ್ನು ಕಳಿಸಿರುತ್ತಾರೆ. ಕೊನೆಯ ಕಂತಿನಲ್ಲಿ ಅವನ ಕೈಯಲ್ಲಿ ಎರಡು ತಂತಿ. ತುದಿಗೆ ತುದಿ ಮುಟ್ಟಿಸಿದರೆ ಸಾಕು, ಇಡೀ ಕುಲ ಬೂದಿ. ಅವನು ಮುಟ್ಟಿಸೋದಿಲ್ಲ. ತನಗೆ ಆ ಹಕ್ಕು ಇದೆಯಾ ಅಂತ ಕೇಳಿಕೊಳ್ಳುತ್ತಾನೆ. ಇವುಗಳ ಭಯದಿಂದಲೇ ಮುಂದೆ ಎಷ್ಟೋ ಲೋಕಗಳು ಜಗಳ ಬಿಟ್ಟು ಒಂದಾಗುತ್ತವಲ್ಲ ಅಂತ ಯೋಚಿಸುತ್ತಾನೆ.

ನಾನು ಅಲ್ಲಿಗೇ ನಿಲ್ಲಿಸಿದೆ. ಅದು ಕಂತಿನ ಮಧ್ಯ, ಅಲ್ಲಿ ‘ಸಶೇಷ’ ಇಲ್ಲ. ಅಮ್ಮನಿಗೆ ಇಂಗ್ಲಿಷ್ ಅಷ್ಟಾಗಿ ಬರೋದಿಲ್ಲ, ನಾನು ನಡುನಡುವೆ ನಿಲ್ಲಿಸಿ ಕನ್ನಡದಲ್ಲಿ ಹೇಳುತ್ತೇನೆ. ಅವತ್ತು ಹೇಳಿ ಮುಗಿಸಿದಾಗ ಹತ್ತೂವರೆ ಆಗಿತ್ತು, ಮಲಗೋಣ ಅಂದೆ. ಬೆಳಗ್ಗೆ ಕಾಫಿ ಲೋಟ ಕೈಗೆ ಕೊಡುತ್ತಾ ಅಮ್ಮ ಕೇಳಿದ ಮೊದಲ ಮಾತು: “ತಂತಿ ಮುಟ್ಟಿಸಿದನಾ?” ಎಂಬತ್ತೊಂದು ವರ್ಷದವರು, ರಾತ್ರಿಯೆಲ್ಲ ಅದನ್ನೇ ಯೋಚಿಸಿದ್ದರಂತೆ. ಮುಟ್ಟಿಸಬಾರದು, ಹುಟ್ಟದೇ ಇರೋದನ್ನ ಕೊಲ್ಲೋದು ಹೇಗೆ ಅಂದರು. ಹಾಲು ಉಕ್ಕುವ ಹೊತ್ತಿಗೆ ಮನಸ್ಸು ಬದಲಾಯಿಸಿ, ಮುಟ್ಟಿಸಲಿ ಬಿಡು, ಮುಂದೆ ಸಾಯೋ ಮಕ್ಕಳಾದರೂ ಉಳಿಯುತ್ತವೆ ಅಂದರು. ಆ ರಾತ್ರಿ ನಾವು ಒಂದೇ ಸಲ ಕೊನೆಯವರೆಗೆ ನೋಡಿದ್ದರೆ ಈ ಮಾತು ಹುಟ್ಟುತ್ತಲೇ ಇರಲಿಲ್ಲ. ಏನಾಯಿತು ಅಂತ ನಿಮಗೆ ಹೇಳೋದಿಲ್ಲ.

ಪ್ರ: ನನ್ನ ಮಗನಿಗೆ ಹದಿಮೂರು. ಹಳೇ ಕಂತು ಹಾಕಿದರೆ ರಟ್ಟಿನ ಗೋಡೆ, ರಬ್ಬರ್ ರಾಕ್ಷಸ ಅಂತ ಬಿದ್ದು ಬಿದ್ದು ನಗುತ್ತಾನೆ. ನನಗೆ ಬೇಜಾರಾಗುತ್ತದೆ. — ಓದುಗರು, ಜಯನಗರ

ಉ: ನಗಲಿ ಬಿಡಿ. ಗೋಡೆ ಅಲ್ಲಾಡಿದರೆ ಅಲ್ಲಾಡಿತು ಅನ್ನೋಣ. ಒಂದು ಸಲ ಅವನನ್ನು ಯಕ್ಷಗಾನಕ್ಕೆ ಕರೆದುಕೊಂಡು ಹೋಗಿ. ರಂಗಸ್ಥಳದ ಮೇಲೆ ಇರೋದು ಒಂದು ಮರದ ಮಣೆ. ಅದಕ್ಕೆ ರಥ ಅಂತಲೇ ಹೆಸರು. ಕೂತರೆ ಸಿಂಹಾಸನ, ಹತ್ತಿದರೆ ರಥ. ಚಂಡೆ ಶುರುವಾದ ಮೇಲೆ ಯಾರಿಗೂ ಅದು ಮರ ಅಂತ ನೆನಪಿರೋದಿಲ್ಲ.

ಆಮೇಲೆ ‘ದಿ ಆರ್ಕ್ ಇನ್ ಸ್ಪೇಸ್’ ತೋರಿಸಿ. ಇದೂ 1975ರದ್ದು, ನಾಲ್ಕು ಕಂತು. ನೋವಾ ಎಂಬ ನಾಯಕನ ಮೈಗೆ ಕೀಟದ ಸೋಂಕು ತಗಲಿ, ಅವನು ನಿಧಾನಕ್ಕೆ ಕೀಟವೇ ಆಗುತ್ತಾ ಹೋಗುತ್ತಾನೆ. ಒಂದು ಕೈಯನ್ನು ಜೇಬಲ್ಲೇ ಇಟ್ಟುಕೊಂಡಿರುತ್ತಾನೆ. ಎರಡನೇ ಕಂತಿನ ಕೊನೆಗೆ ಅದನ್ನು ಹೊರಗೆ ತೆಗೆಯುತ್ತಾನೆ, ಹಸಿರು ಹಸಿರಾಗಿ ಊದಿಕೊಂಡ ಕೈ. ಅದು ಏನು ಗೊತ್ತಾ? ಸಾಮಾನು ಸುತ್ತಿ ಬರುವ, ಮಕ್ಕಳು ಪಟಪಟ ಅಂತ ಒಡೆಯುವ ಗುಳ್ಳೆ ಪ್ಲಾಸ್ಟಿಕ್. ಅದಕ್ಕೆ ಹಸಿರು ಬಣ್ಣ ಬಳಿದಿದ್ದಾರೆ. ಇದನ್ನು ಮಗನಿಗೆ ಮೊದಲೇ ಹೇಳಿಬಿಡಿ. ಹೇಳಿ, ಕೈ ನೋಡಬೇಡ, ಮುಖ ನೋಡು ಅನ್ನಿ. ತನ್ನದೇ ಕೈ ತನ್ನದಲ್ಲ ಅಂತ ಗೊತ್ತಾದವನ ಮುಖ ಅದು. ಆ ನಟ, ಕೆಂಟನ್ ಮೂರ್, ಒಂದಿಷ್ಟೂ ತಮಾಷೆ ಮಾಡದೆ, ಪೂರ್ತಿ ನಂಬಿ ಮಾಡಿದ್ದಾರೆ. ನನಗೆ ಇವತ್ತಿಗೂ ಮೈ ಜುಂ ಅನ್ನುತ್ತದೆ.

ಪ್ರ: ಕೆಲವು ಕಂತುಗಳು ಕಳೆದೇ ಹೋಗಿವೆ ಅಂತ ಓದಿದೆ. ಅಷ್ಟು ದೊಡ್ಡ ಸಂಸ್ಥೆ ಹೇಗೆ ಕಳೆದುಕೊಂಡಿತು? ಅವನ್ನು ನೋಡೋದು ಹೇಗೆ? — ಓದುಗರು, ಮೈಸೂರು

ಉ: ಕಳೆದುಕೊಂಡದ್ದಲ್ಲ, ಅಳಿಸಿದ್ದು. ಅದೇ ಜಾಸ್ತಿ ನೋವು. ಆಗ ವಿಡಿಯೋ ಟೇಪ್ ಬಹಳ ದುಬಾರಿ. ಒಂದು ಕಾರ್ಯಕ್ರಮ ಅಳಿಸಿ ಅದರ ಮೇಲೆ ಇನ್ನೊಂದು ರೆಕಾರ್ಡ್ ಮಾಡುತ್ತಿದ್ದರು. ಮನೆಯಲ್ಲಿ ವಿಡಿಯೋ ಇಟ್ಟುಕೊಂಡು ನೋಡುವ ಕಾಲ ಬಂದಿರಲಿಲ್ಲ. ಬಣ್ಣದ ಟೀವಿ ಬಂದ ಮೇಲೆ ಕಪ್ಪು ಬಿಳುಪು ಯಾರಿಗೆ ಬೇಕು ಅನ್ನಿಸಿತು. ಹೀಗಾಗಿ 1960ರ ದಶಕದ 90ಕ್ಕೂ ಹೆಚ್ಚು ಕಂತುಗಳು ಇವತ್ತಿಗೂ ಇಲ್ಲ.

ಆದರೆ ಬೇರೆ ದೇಶಗಳಿಗೆ ಮಾರಲು ಫಿಲ್ಮ್ ಪ್ರತಿಗಳನ್ನು ತೆಗೆದಿದ್ದರು. ಅವು ಅಲ್ಲಲ್ಲಿ ಉಳಿದುಕೊಂಡಿವೆ. ಒಂದು ಪೂರ್ತಿ ಕಥೆ ಹಾಂಗ್‌ಕಾಂಗ್‌ನಲ್ಲಿ ಸಿಕ್ಕಿತು. ಫಿಲಿಪ್ ಮಾರಿಸ್ ಅನ್ನುವವರು ನೈಜೀರಿಯಾದ ಜೋಸ್ ಊರಿನ ಟೀವಿ ಕೇಂದ್ರದಲ್ಲಿ ಒಂಬತ್ತು ಕಂತು ಹುಡುಕಿ ತೆಗೆದ ಸುದ್ದಿ 2013ರಲ್ಲಿ ಹೊರಬಂತು. ಅದರಲ್ಲಿ ನಾಲ್ಕು ‘ದಿ ವೆಬ್ ಆಫ್ ಫಿಯರ್’ ಕಥೆಯವು. ಲಂಡನ್ನಿನ ಸುರಂಗ ರೈಲಿನಲ್ಲಿ ಯೇತಿಗಳು ಓಡಾಡುವ ಕಥೆ. ಅದನ್ನು ನೋಡಿದ ಮಾರನೇ ದಿನ ಮೆಜೆಸ್ಟಿಕ್‌ನಲ್ಲಿ ಮೆಟ್ರೋ ಕಾಯುತ್ತಿದ್ದೆ. ರೈಲು ಬರುವ ಮೊದಲು ಸುರಂಗದಿಂದ ಒಂದು ಗಾಳಿ ಬರುತ್ತದಲ್ಲ, ಅದಕ್ಕೆ ಎರಡು ಹೆಜ್ಜೆ ಹಿಂದೆ ಸರಿದೆ.

ಇನ್ನೊಂದು ದೊಡ್ಡ ಸಮಾಧಾನ ಇದೆ. ಕಳೆದ ಎಲ್ಲ ಕಂತುಗಳ ಧ್ವನಿ ಉಳಿದಿದೆ. ಆಗಿನ ಅಭಿಮಾನಿಗಳು ಮನೆಯ ಟೀವಿ ಮುಂದೆ ಮೈಕ್ ಹಿಡಿದು ಟೇಪ್ ಮಾಡಿಕೊಂಡಿದ್ದರು. ಆ ಧ್ವನಿಗೆ ಈಗ ಕೆಲವು ಕಥೆಗಳಿಗೆ ಆನಿಮೇಷನ್ ಮಾಡಿದ್ದಾರೆ. ‘ದಿ ಪವರ್ ಆಫ್ ದ ಡಾಲೆಕ್ಸ್’ ಹಾಗೆ 2016ರಲ್ಲಿ ಬಂತು. ಆದರೆ ನನ್ನ ಮಾತು ಕೇಳಿದರೆ, ಒಂದನ್ನಾದರೂ ಸುಮ್ನೆ ಕಿವಿಯಲ್ಲಿ ಕೇಳಿ. 1964ರ ‘ಮಾರ್ಕೋ ಪೋಲೋ’ ಏಳು ಕಂತು, ಒಂದೂ ಉಳಿದಿಲ್ಲ. ಡಾಕ್ಟರ್ ಜೊತೆ ಸುತ್ತುವ ಇಯಾನ್ ಪಾತ್ರ ಮಾಡಿದ್ದ ವಿಲಿಯಂ ರಸೆಲ್ ಅವರೇ ನಡುವೆ ವಿವರಣೆ ಕೊಟ್ಟಿರುವ ಸಿ.ಡಿ. ಇದೆ. ಹೋದ ಮಳೆಗಾಲದಲ್ಲಿ ಕರೆಂಟ್ ಹೋಗಿದ್ದ ಒಂದು ರಾತ್ರಿ ಮೇಣದಬತ್ತಿ ಹಚ್ಚಿಟ್ಟುಕೊಂಡು ಅದನ್ನು ಫೋನಿನಲ್ಲಿ ಕೇಳಿದೆವು. ಮರಳುಗಾಡಿನ ಬಿರುಗಾಳಿ ಬರುವ ಕಂತು. ಹೊರಗೆ ನಮ್ಮ ತೆಂಗಿನಮರದ ಗಾಳಿ. ಯಾವ ಗಾಳಿ ಯಾವುದು ಅಂತ ತಿಳಿಯದೆ ಇಬ್ಬರೂ ಉಸಿರು ಹಿಡಿದು ಕೂತಿದ್ದೆವು.

ಪ್ರ: ಆ ಪೆಟ್ಟಿಗೆ ಬರುವಾಗ, ಹೋಗುವಾಗ ಒಂದು ಸದ್ದು ಬರುತ್ತದಲ್ಲ, ಅದು ಯಾವ ವಾದ್ಯ? — ಓದುಗರು, ಮಲ್ಲೇಶ್ವರ

ಉ: ಹಳೇ ಪಿಯಾನೋ, ಒಂದು ಬೀಗದ ಕೈ. ಬ್ರಯಾನ್ ಹಾಡ್ಜ್‌ಸನ್ ಪಿಯಾನೋದ ತಂತಿಗಳ ಮೇಲೆ ಬೀಗದ ಕೈಯನ್ನು ಗರಗರ ಎಳೆದು, ಅದನ್ನು ಟೇಪಿನಲ್ಲಿ ತಿರುಗಾ ಮುರುಗಾ ಓಡಿಸಿ ಮಾಡಿದ್ದು. ಅಮ್ಮ ಅದನ್ನು ಅಟ್ಟದ ಮೇಲೆ ಟ್ರಂಕ್ ಎಳೆದ ಸದ್ದು ಅನ್ನುತ್ತಾರೆ. ಶೀರ್ಷಿಕೆ ಸಂಗೀತ ಬರೆದವರು ರಾನ್ ಗ್ರೇನರ್. ಅದಕ್ಕೆ ಜೀವ ಕೊಟ್ಟವರು ಡೀಲಿಯಾ ಡರ್ಬಿಶೈರ್. ಒಂದೊಂದು ಸ್ವರವನ್ನೂ ಬೇರೆ ಬೇರೆ ಟೇಪಿನ ತುಂಡಾಗಿ ಕತ್ತರಿಸಿ ಅಂಟಿಸಿದ್ದಾರೆ. ಇವತ್ತು ಕೇಳಿದರೂ ಹಳೇದು ಅನ್ನಿಸೋದಿಲ್ಲ.

ಪ್ರ: ಕೆಲವು ಹಳೇ ಕಥೆಗಳಲ್ಲಿ ಬೇರೆ ದೇಶದವರನ್ನು ತೋರಿಸಿರುವ ರೀತಿ ಮುಜುಗರ ತರುತ್ತದೆ. ಬಿಟ್ಟುಬಿಡಬೇಕಾ? — ಓದುಗರು, ಶಿವಮೊಗ್ಗ

ಉ: ನೀವು ಹೇಳುತ್ತಿರುವುದು 1977ರ ‘ದಿ ಟ್ಯಾಲನ್ಸ್ ಆಫ್ ವೆಂಗ್-ಚಿಯಾಂಗ್’ ಇರಬೇಕು. ಬರವಣಿಗೆ ಬಹಳ ಚೆನ್ನಾಗಿದೆ. ಆದರೆ ಚೀನೀಯನ ಪಾತ್ರಕ್ಕೆ ಬಿಳಿಯ ನಟನಿಗೆ ಮೇಕಪ್ ಮಾಡಿ ನಿಲ್ಲಿಸಿದ್ದಾರೆ, ಚೀನೀಯರೆಲ್ಲ ಕೇಡಿಗಳು ಅನ್ನುವ ಹಾಗೆ ಮಾತು ಇದೆ. ಆಗಿನ ಕಾಲ ಹಾಗಿತ್ತು ಅಂತ ನಾನು ಒಪ್ಪೋದಿಲ್ಲ. ಆಗಲೂ ಅದು ನೋಯಿಸುವಂಥದ್ದೇ. ನಾನು ಒಂದು ಸಲ ನೋಡಿದ್ದೇನೆ, ಮತ್ತೆ ನೋಡುವ ಪಟ್ಟಿಯಲ್ಲಿ ಸೇರಿಸಿಲ್ಲ. ಮಕ್ಕಳ ಜೊತೆ ನೋಡೋದಾದರೆ ಮೊದಲೇ ಕೂರಿಸಿಕೊಂಡು ಹೇಳಿ.

ಪ್ರ: ನಮ್ಮವರು ಯಾರಾದರೂ ಇದರಲ್ಲಿ ಕೆಲಸ ಮಾಡಿದ್ದಾರಾ? — ಓದುಗರು, ಹುಬ್ಬಳ್ಳಿ

ಉ: ಮೊಟ್ಟಮೊದಲ ಕಥೆಯ ನಿರ್ದೇಶಕರೇ ನಮ್ಮವರು. ವಾರಿಸ್ ಹುಸೇನ್, ಲಖನೌದಲ್ಲಿ ಹುಟ್ಟಿದವರು. ಆಗ ಅವರಿಗೆ 24 ವರ್ಷ. ನಿರ್ಮಾಪಕಿ ವೆರಿಟಿ ಲ್ಯಾಂಬರ್ಟ್‌ಗೆ 27. ಗಂಡಸರೇ ತುಂಬಿದ್ದ ಆ ಕಚೇರಿಯಲ್ಲಿ ಒಬ್ಬ ಭಾರತೀಯ ಹುಡುಗ, ಒಬ್ಬ ಹೆಣ್ಣುಮಗಳು ಸೇರಿ ಇದನ್ನು ಎಬ್ಬಿಸಿ ನಿಲ್ಲಿಸಿದರು ಅನ್ನುವುದು ನನಗೆ ಬಹಳ ಹೆಮ್ಮೆಯ ವಿಷಯ. ಮೇಲೆ ಹೇಳಿದ ‘ಮಾರ್ಕೋ ಪೋಲೋ’ದ ಬಹುಪಾಲು ಕಂತುಗಳೂ ಹುಸೇನರವೇ. ಅವರ ಆ ಕೆಲಸವನ್ನು ಈಗ ಯಾರೂ ನೋಡುವ ಹಾಗಿಲ್ಲ. ಹೊಸ ಸರಣಿಯಲ್ಲಿ 2018ರ ‘ಡೀಮನ್ಸ್ ಆಫ್ ದ ಪಂಜಾಬ್’ ತಪ್ಪದೆ ನೋಡಿ. ವಿನಯ್ ಪಟೇಲ್ ಬರೆದದ್ದು, 1947ರ ದೇಶವಿಭಜನೆಯ ಕಥೆ.

ಪ್ರ: ನಾನೂ ನಮ್ಮಣ್ಣನೂ ಇದನ್ನು ಒಟ್ಟಿಗೆ ನೋಡುತ್ತಿದ್ದೆವು. ಅಣ್ಣ ಹೋಗಿ ಎರಡು ವರ್ಷ ಆಯಿತು. ಹಾಕೋಣ ಅಂತ ಕೂರುತ್ತೇನೆ, ಆ ಸಂಗೀತ ಶುರುವಾದರೆ ಆರಿಸಿಬಿಡುತ್ತೇನೆ. ಏನು ಮಾಡಲಿ? — ಓದುಗರು, ಬಸವನಗುಡಿ

ಉ: ನಿಮ್ಮ ಪತ್ರವನ್ನು ಮೂರು ಸಲ ಓದಿದೆ.

ನನಗೆ ಇದನ್ನು ತೋರಿಸಿದವರು ಅಪ್ಪ. ಆಗ ಬ್ರಿಟಿಷ್ ಲೈಬ್ರರಿ ಸೇಂಟ್ ಮಾರ್ಕ್ಸ್ ರಸ್ತೆಯಲ್ಲಿ ಕೋಶೀಸ್ ಇರುವ ಕಟ್ಟಡದಲ್ಲಿತ್ತು. ಶನಿವಾರ ಅರ್ಧ ದಿನದ ಕೆಲಸ ಮುಗಿಸಿ, ಅಲ್ಲಿಂದ ಒಂದು ಕ್ಯಾಸೆಟ್ ತರುತ್ತಿದ್ದರು. ಬಟ್ಟೆ ಚೀಲದಲ್ಲಿ ತರಕಾರಿ ಕೆಳಗೆ, ಕ್ಯಾಸೆಟ್ ಮೇಲೆ. 2011ರಲ್ಲಿ ಅಪ್ಪ ಹೋದರು. ಒಂಬತ್ತು ವರ್ಷ ನಾನು ಒಂದು ಕಂತೂ ನೋಡಲಿಲ್ಲ.

ಮತ್ತೆ ಶುರು ಮಾಡಿದಾಗ ನಾವು ಆರಿಸಿದ್ದು ಅಪ್ಪನ ಪ್ರೀತಿಯ ಕಥೆಯನ್ನಲ್ಲ. ಅಪ್ಪ ನೋಡಲು ಆಗದೇ ಇದ್ದ ಒಂದನ್ನು. ‘ದಿ ಎನಿಮಿ ಆಫ್ ದ ವರ್ಲ್ಡ್’, 1967ರ ಕೊನೆಗೆ ಶುರುವಾದ ಕಥೆ. ಆರು ಕಂತಿನಲ್ಲಿ ಮೂರನೆಯದು ಮಾತ್ರ ಉಳಿದಿತ್ತು. ಮಿಕ್ಕ ಐದೂ ಆ ನೈಜೀರಿಯಾದ ರಾಶಿಯಲ್ಲಿ ಸಿಕ್ಕಿದವು. ಅಪ್ಪ ಅದನ್ನು ಫುಟ್‌ಪಾತಿನಲ್ಲಿ ಕೊಂಡ ಪುಸ್ತಕವಾಗಿ ಓದಿದ್ದರು ಅಷ್ಟೆ. ಪ್ಯಾಟ್ರಿಕ್ ಟ್ರೌಟನ್ ಅವರದ್ದು ಡಬಲ್ ರೋಲ್, ಡಾಕ್ಟರೂ ಅವರೇ, ಲೋಕ ಆಳಲು ಹೊರಟ ಸಾಲಮಾಂಡರೂ ಅವರೇ. ಇಬ್ಬರೂ ಎದುರುಬದುರಾಗುವ ಕಂತು ಬಂದಾಗ ಅಮ್ಮ, “ಇದನ್ನ ನಿಮ್ಮಪ್ಪ ನೋಡಬೇಕಿತ್ತು” ಅಂದರು. ಇಬ್ಬರೂ ಅತ್ತೆವು. ಆಮೇಲೆ ಮುಂದಕ್ಕೆ ನೋಡಿದೆವು.

ನೀವೂ ನಿಮ್ಮಣ್ಣ ನೋಡಿರದ ಒಂದರಿಂದ ಶುರು ಮಾಡಿ. ಡಾಕ್ಟರ್ ಜೊತೆ ಸುತ್ತುತ್ತಿದ್ದ ಸಾರಾ ಜೇನ್ ಟಾರ್ಡಿಸ್‌ನಿಂದ ಇಳಿದು ಹೋಗುವ ‘ದಿ ಹ್ಯಾಂಡ್ ಆಫ್ ಫಿಯರ್’ ಈಗಲೇ ಬೇಡ. ಕೈಯಲ್ಲಿ ಬೊಂಬೆ ಗೂಬೆ, ಒಂದು ಗಿಡ ಹಿಡಿದುಕೊಂಡು ಅವಳು ಬೀದಿಯಲ್ಲಿ ಒಬ್ಬಳೇ ನಿಲ್ಲುತ್ತಾಳೆ. ಅದು ಅವಳ ಬೀದಿಯೂ ಅಲ್ಲ. ಅದಕ್ಕೆ ಇನ್ನೂ ಸ್ವಲ್ಪ ದಿನ ಹೋಗಲಿ. ದಿನಕ್ಕೆ ಒಂದೇ ಕಂತು ನೋಡಿ. ಜೊತೆಗೆ ಯಾರೂ ಇಲ್ಲ ಅಂದರೆ ಬೆಳಗ್ಗೆ ನನಗೆ ಒಂದು ಕಾರ್ಡ್ ಬರೆಯಿರಿ, ಮುಂದೇನಾಗಬಹುದು ಅಂತ. ಖಂಡಿತ ಉತ್ತರ ಬರೆಯುತ್ತೇನೆ.

ನಮ್ಮ ಮನೆಯಲ್ಲಿ ಈ ವಾರ ‘ದಿ ಕೇವ್ಸ್ ಆಫ್ ಆಂಡ್ರೊಜಾನಿ’, 1984ರದ್ದು. ನಿನ್ನೆ ರಾತ್ರಿ ಮೂರನೇ ಕಂತು ಮುಗಿಯಿತು. ಡಾಕ್ಟರಿಗೂ ಅವನ ಜೊತೆ ಬಂದ ಪೆರಿ ಎಂಬ ಹುಡುಗಿಗೂ ವಿಷ ಏರಿದೆ. ಅವನು ಅವಳನ್ನು ಉಳಿಸಲು ಅಂತರಿಕ್ಷ ಹಡಗನ್ನು ನೆಲದ ಕಡೆಗೇ ತಿರುಗಿಸಿದ್ದಾನೆ. ಬೆಳಗ್ಗೆಯಿಂದ ಅಮ್ಮ ಎರಡು ಸಲ ಕೇಳಿದ್ದಾರೆ, ಇಬ್ಬರಿಗೂ ಸಾಕಾಗುವಷ್ಟು ಔಷಧಿ ಸಿಗುತ್ತದಾ ಅಂತ. ನಾನು ಹೇಳಿಲ್ಲ. ಒಂಬತ್ತೂವರೆಗೆ ನಾಲ್ಕನೇ ಕಂತು.